ಎಂಜಿನ್ ಮುಚ್ಚಳದ ಹೊಳಪು, ಮನೆಯವರ ಉಸಿರು

ವೈದ್ಯರು ಬರೆದ ಲೇಖನಗಳ ನಡುವೆ ಬ್ಯಾಂಕ್ ಅಧಿಕಾರಿಯೊಬ್ಬನ ಬರಹವನ್ನು ಕಂಡು ಓದುಗ ಬಾಂಧವರು ಹುಬ್ಬೇರಿಸಬಹುದು. ವಾಣಿಜ್ಯ ಪದವೀಧರನಾದ ನನಗೆ ಲೋಹಶಾಸ್ತ್ರವಾಗಲಿ ವೈದ್ಯಶಾಸ್ತ್ರವಾಗಲಿ ಅಧಿಕಾರವಾಣಿಯಿಂದ ಹೇಳುವಷ್ಟು ತಿಳಿಯದು. ಆದರೆ ಕಳೆದ ವರ್ಷ ನನ್ನ ಅಜಾಗರೂಕತೆಯಿಂದ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯು, ಮುಂಬಯಿಯ ಕಿರಿದಾದ ಫ್ಲಾಟುಗಳಲ್ಲಿ ವಾಸಿಸುವ ನಮ್ಮಂಥವರಿಗೆ ಎಚ್ಚರಿಕೆಯಾಗಿ ಒದಗೀತೆಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಯೆಜ್ದಿ ಮೋಟಾರ್ ಸೈಕಲ್ಲನ್ನು ಪರಿಚಯಿಸಬೇಕಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಎಂಬ ಹೆಸರಿನಲ್ಲಿಯೂ 1973ರಿಂದ ಯೆಜ್ದಿ ಎಂಬ ಹೆಸರಿನಲ್ಲಿಯೂ ವಾಹನಗಳು ತಯಾರಾಗುತ್ತಿದ್ದವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಕಿಕ್ ಹೊಡೆಯುವುದಕ್ಕೂ ಗೇರು ಬದಲಿಸುವುದಕ್ಕೂ ಒಂದೇ ಪೆಡಲ್, ಅದರ ಸುತ್ತ ಕನ್ನಡಿಯಂತೆ ಹೊಳೆಯುವ ಅಲ್ಯೂಮಿನಿಯಂ ಮುಚ್ಚಳ. ಇವು ಆ ವಾಹನದ ಗುರುತುಗಳು.

ನಮ್ಮ ತಂದೆಯವರು 1985ರಲ್ಲಿ ಕೊಂಡ ಯೆಜ್ದಿಯು ಇಂದಿಗೂ ಮೈಸೂರಿನ ಮನೆಯ ಹಿತ್ತಲಿನಲ್ಲಿದೆ. ಎಪ್ಪತ್ತಾರು ವರ್ಷದ ಅವರು ಅದನ್ನು ಓಡಿಸುವುದನ್ನು ಬಿಟ್ಟು ಬಹುಕಾಲವಾಯಿತು. ಕಳೆದ ದೀಪಾವಳಿಗೆ ಊರಿಗೆ ಹೋದಾಗ, ಬೂದು ಬಣ್ಣಕ್ಕೆ ತಿರುಗಿದ್ದ ಎಂಜಿನ್ನನ್ನು ನೋಡುತ್ತಾ, "ಈ ಮುಚ್ಚಳದಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋತಿದ್ದೆ ಕಣೋ" ಎಂದರು. ಆ ಮಾತು ನನ್ನ ಮನಸ್ಸನ್ನು ಹೊಕ್ಕಿತು. ಮೆಕ್ಯಾನಿಕ್ಕಿನಿಂದ ಎರಡೂ ಬದಿಯ ಮುಚ್ಚಳಗಳನ್ನು ಬಿಚ್ಚಿಸಿ, ಹಳೆಯ ಪಂಚೆಯಲ್ಲಿ ಸುತ್ತಿ, ಶರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ದಾದರಿಗೆ ತಂದೆನು.

ನಾನು ಮಾಡಿದ ತಪ್ಪು

ಡ್ರಿಲ್ಲಿಗೆ ಜೋಡಿಸುವ ಬಟ್ಟೆಯ ಚಕ್ರವನ್ನೂ ಕಂದು ಬಣ್ಣದ ಪಾಲಿಶ್ ಸೋಪನ್ನೂ ಕೊಂಡುತಂದು ಒಂದು ಭಾನುವಾರ ಕೆಲಸಕ್ಕೆ ತೊಡಗಿದೆನು. ಸದ್ದಿನಿಂದ ನೆರೆಯವರಿಗೆ ತೊಂದರೆಯಾಗದಿರಲೆಂದು ಹಾಲಿನ ಕಿಟಕಿಗಳನ್ನೆಲ್ಲ ಮುಚ್ಚಿದೆನು. ಒಂದು ಗಂಟೆಯಲ್ಲಿ ಒಂದು ಮುಚ್ಚಳದ ಅರ್ಧಭಾಗ ಥಳಥಳಿಸತೊಡಗಿತು. ಆದರೆ ಸೋಫಾ, ಪುಸ್ತಕಗಳು, ಒಣಗಲು ಹಾಕಿದ್ದ ಬಟ್ಟೆ ಎಲ್ಲದರ ಮೇಲೂ ತೆಳುವಾದ ಬೂದು ಧೂಳು ಕುಳಿತಿತ್ತು.

ನಮ್ಮ ಒಂಬತ್ತು ವರ್ಷದ ಮಗಳಿಗೆ ಚಿಕ್ಕಂದಿನಿಂದಲೂ ಆಸ್ತಮಾ ಇದೆ. ಅಂದು ರಾತ್ರಿ ಅವಳಿಗೆ ಉಬ್ಬಸ ಏರಿತು, ಇನ್ಹೇಲರಿನಿಂದಲೂ ತಗ್ಗಲಿಲ್ಲ. ಎರಡು ಗಂಟೆಯ ಹೊತ್ತಿಗೆ ಆಸ್ಪತ್ರೆಗೆ ಒಯ್ದು ನೆಬ್ಯುಲೈಸರ್ ಕೊಡಿಸಬೇಕಾಯಿತು. "ಮನೆಯಲ್ಲಿ ಧೂಳೆಬ್ಬಿಸುವ ಕೆಲಸವೇನಾದರೂ ನಡೆಯಿತೇ?" ಎಂದು ವೈದ್ಯರು ಕೇಳಿದಾಗ, ನನ್ನ ಉಗುರುಗಳ ಸಂದಿಯಲ್ಲಿದ್ದ ಕಪ್ಪನ್ನು ನೋಡಿಕೊಂಡು ತಲೆ ತಗ್ಗಿಸಿದೆನು. ಮರುದಿನ ಫೋನಿನಲ್ಲಿ ತಂದೆಯವರು ಹೇಳಿದ್ದಿಷ್ಟೇ: "ಮುಚ್ಚಳ ಹಾಳಾಗ್ಲಿ ಬಿಡೋ, ಮಗು ಹ್ಯಾಗಿದೆ ಹೇಳು."

ಹೊಳಪು ಎಂದರೇನು?

ಮಗಳು ಚೇತರಿಸಿಕೊಂಡ ಬಳಿಕ ಈ ವಿಷಯವನ್ನು ಕೂಲಂಕಷವಾಗಿ ತಿಳಿಯಲೆತ್ನಿಸಿದೆನು. ಹೊಳಪು ಎಂಬುದು ಲೋಹಕ್ಕೆ ನಾವು ಹಚ್ಚುವ ವಸ್ತುವಲ್ಲ. ಮೇಲ್ಮೈಯಲ್ಲಿರುವ ಗೀರುಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚೆದುರಿಸುವುದರಿಂದ ಲೋಹವು ಮಂಕಾಗಿ ಕಾಣುತ್ತದೆ. ಗೀರುಗಳನ್ನು ಸವೆಸಿ ಸಮಮಾಡಿದರೆ ಬೆಳಕು ಒಂದೇ ದಿಕ್ಕಿಗೆ ಮರಳಿ ಮುಖ ಕಾಣಿಸುತ್ತದೆ. ಅಂದಮೇಲೆ ಹೊಳಪು ಹೆಚ್ಚಿದಂತೆಲ್ಲ ಲೋಹವು ಸವೆಯುತ್ತಲೇ ಇರುತ್ತದೆ. ಹೀಗೆ ಸವೆದ ಲೋಹ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು, ದಿನವೂ ಜಮಾ-ಖರ್ಚು ತಾಳೆ ನೋಡುವ ನಾನು ಕೇಳಿಕೊಂಡಿರಲಿಲ್ಲ.

ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೆ ಅದರ ಮೇಲೆ ಆಕ್ಸೈಡಿನ ಪೊರೆಯೊಂದು ಕಟ್ಟುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲಿನಷ್ಟು ತೆಳುವಾದ ಈ ಪೊರೆಯು ಒಳಗಿನ ಲೋಹವನ್ನು ಕಾಪಾಡುತ್ತದೆ. ಕ್ಷಾರವಾಗಲಿ ಕಡಲಗಾಳಿಯ ಉಪ್ಪಾಗಲಿ ಈ ಪೊರೆಯನ್ನು ಕೆಡಿಸಬಲ್ಲದು. ಬರಿಯ ನೀರು ಕುದಿದ ಅಲ್ಯೂಮಿನಿಯಂ ಕುಕ್ಕರಿನ ಒಳಗು ಕಪ್ಪಾಗುವುದನ್ನೂ, ಅದಕ್ಕಾಗಿ ಒಂದು ತುಣುಕು ಹುಣಸೆಹುಳಿ ಹಾಕುವ ವಾಡಿಕೆಯನ್ನೂ ನಮ್ಮ ಗೃಹಿಣಿಯರು ಬಲ್ಲರು. ಇದೇ ಕಾರಣದಿಂದ ಎಂಜಿನ್ ಭಾಗಗಳನ್ನು ಕಾಸ್ಟಿಕ್ ಸೋಡಾದಿಂದ ತೊಳೆಯಲೇಬಾರದು; ಲೋಹವೇ ಕರಗಿ ಕಪ್ಪಾಗುತ್ತದೆ.

ಚಕ್ರದ ಅಪಾಯ

ಆರು ಅಂಗುಲದ ಬಫಿಂಗ್ ಚಕ್ರವು ನಿಮಿಷಕ್ಕೆ 2800 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 80 ಕಿಲೋಮೀಟರ್ ಆಗುತ್ತದೆ. ಅದು ಎರಚುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಟ್ರಿಪೋಲಿ ಎಂಬ ಕಂದು ಪಾಲಿಶ್ ಸೋಪಿನಲ್ಲಿ ಸಿಲಿಕಾ ಇರುತ್ತದೆ. ಸಿಲಿಕಾ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಬರುವ ಸಿಲಿಕೋಸಿಸ್ ರೋಗವನ್ನು ಗುಣಪಡಿಸುವ ಮದ್ದಿಲ್ಲ. ಇಷ್ಟಲ್ಲದೆ, ಗಾಳಿಯಲ್ಲಿ ದಟ್ಟವಾಗಿ ತೇಲುವ ಅಲ್ಯೂಮಿನಿಯಂ ಧೂಳು ಕಿಡಿ ತಾಗಿದರೆ ಸ್ಫೋಟಿಸುತ್ತದೆ. 2014ರ ಆಗಸ್ಟ್ 2ರಂದು ಚೀನಾದ ಕುನ್ಶಾನ್ ನಗರದಲ್ಲಿ ವಾಹನಗಳ ಅಲ್ಯೂಮಿನಿಯಂ ಚಕ್ರಗಳಿಗೆ ಹೊಳಪು ಕೊಡುವ ಕಾರ್ಖಾನೆಯೊಂದು ಹೀಗೆಯೇ ಸ್ಫೋಟಗೊಂಡು, ಗಾಯಾಳುಗಳೂ ಸೇರಿ ಕೊನೆಗೆ 146 ಜನ ಮಡಿದರು.

ಎರಡನೆಯ ಮುಚ್ಚಳಕ್ಕೆ ಬಫಿಂಗ್ ಮಾಡಿಸಲೆಂದು ಉಪನಗರದ ಒಂದು ಗಾಲಾಕ್ಕೆ ಹೋಗಿದ್ದೆನು. ಚಕ್ರದ ಮುಂದೆ ಕುಳಿತಿದ್ದ ಯುವಕನ ಹುಬ್ಬುಗಳು ಧೂಳಿನಿಂದ ನರೆತಂತೆ ಕಾಣುತ್ತಿದ್ದವು. ಮೂಗಿಗೆ ಒಂದು ಕರವಸ್ತ್ರವಷ್ಟೇ. ಕೇಳಿದರೆ, "ಆದತ್ ಹೋ ಗಯಿ ಹೈ, ಸಾಹೇಬ್" ಎಂದು ನಕ್ಕನು. ನಮ್ಮ ಮನೆಗೆ ಒಂದು ದಿನ ಬಂದು ಹೋದ ಧೂಳು ಅವನ ಪಾಲಿಗೆ ನಿತ್ಯದ್ದು. ಅವನಿಗೆ ಕೆಲಸ ಕೊಡದಿರುವುದು ಪರಿಹಾರವಲ್ಲ. ಧೂಳನ್ನು ಹೀರಿಕೊಳ್ಳುವ ಯಂತ್ರ ಮತ್ತು ತಕ್ಕ ಮುಖಗವಸು ಇರುವ ಕಡೆ ನಾಲ್ಕು ಕಾಸು ಹೆಚ್ಚು ತೆತ್ತಾದರೂ ಕೆಲಸ ಮಾಡಿಸುವುದು ಗಿರಾಕಿಗಳಾದ ನಮ್ಮ ಕರ್ತವ್ಯ.

ನೀರಿನ ವಿಧಾನ

ಕೊನೆಗೆ ನಾನು ಅನುಸರಿಸಿದ್ದು ನಿಧಾನದ ದಾರಿ. ಆಸಕ್ತರ ಅನುಕೂಲಕ್ಕಾಗಿ ಅದನ್ನು ವಿವರಿಸುತ್ತೇನೆ.

ಮೊದಲು ಮುಚ್ಚಳದ ಜಿಡ್ಡನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆಯಬೇಕು. ಎಂಜಿನ್ನಿಗೆ ಕೂಡುವ ಅಂಚಿಗೆ ಟೇಪು ಅಂಟಿಸಬೇಕು. ಆ ಅಂಚು ಸವೆದರೆ ಆಯಿಲ್ ಸೋರುತ್ತದೆ. ಬಳಿಕ ವಾಟರ್ ಪೇಪರನ್ನು ಸೋಪುನೀರಿನಲ್ಲಿ ನೆನೆಸಿ ಕೈಯಿಂದ ಉಜ್ಜಬೇಕು. ಆಳವಾದ ಗೀರುಗಳಿದ್ದರೆ 320ನೆಯ ನಂಬರಿನಿಂದ ಆರಂಭಿಸಿ 400, 600, 800, 1000, 1500, 2000 ಎಂದು ಕ್ರಮವಾಗಿ ಏರಬೇಕು. ಪ್ರತಿ ನಂಬರಿಗೂ ಉಜ್ಜುವ ದಿಕ್ಕನ್ನು ಅಡ್ಡಕ್ಕೆ ಬದಲಿಸಿದರೆ ಹಿಂದಿನ ಗೀರುಗಳು ಉಳಿದಿವೆಯೇ ಎಂಬುದು ತಿಳಿಯುತ್ತದೆ. ಅವು ಪೂರ್ಣವಾಗಿ ಅಳಿಯುವ ತನಕ ಮುಂದಿನ ಕಾಗದವನ್ನು ಮುಟ್ಟಬಾರದು. ಅವಸರದಲ್ಲಿ ಬಿಟ್ಟ ಗೀರು ಕೊನೆಯಲ್ಲಿ ಎದ್ದು ಕಾಣುತ್ತದೆ. ಮತ್ತೆ ಮೊದಲಿನಿಂದ ಉಜ್ಜಬೇಕಾಗುತ್ತದೆ.

ಕೊನೆಗೆ ಲೋಹದ ಪಾಲಿಶನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ತಿಕ್ಕಬೇಕು. ಬಟ್ಟೆ ಕಪ್ಪಾದರೆ ಗಾಬರಿ ಬೇಡ, ಅದು ಸವೆದ ಲೋಹವೇ. ಎರಕದ ಭಾಗಗಳಲ್ಲಿ ಸೂಜಿಮೊನೆಯಷ್ಟು ರಂಧ್ರಗಳಿರುವುದು ಸಹಜ; ಅವುಗಳ ಬೆನ್ನು ಹತ್ತಬಾರದು. ಮುಗಿದ ಮೇಲೆ ತೆಳುವಾಗಿ ಮೇಣ ಸವರಿದರೆ ಮಳೆಗಾಲದ ತೇವ ಬೇಗನೆ ತಾಗದು.

ಒದ್ದೆಯಾಗಿ ಉಜ್ಜಿದಾಗ ಧೂಳು ನೀರಿನಲ್ಲಿಯೇ ಉಳಿಯುತ್ತದೆ. ಆ ಕೆಸರು ಒಣಗುವ ಮುನ್ನ ಒದ್ದೆ ಕಾಗದದಿಂದ ಒರೆಸಿ ತೆಗೆಯಬೇಕು. 2020ರ ಕೋವಿಡ್ ಕಾಲದಿಂದ ಎಲ್ಲರಿಗೂ ಪರಿಚಿತವಾದ ಎನ್-95 ಮುಖಗವಸು ಇಲ್ಲಿಯೂ ಇರಲಿ. ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು; ಕೈ ತೊಳೆಯದೆ ಊಟಕ್ಕೆ ಕೂರಬಾರದು. ಯಂತ್ರವನ್ನೇ ಬಳಸುವವರು ತೆರೆದ ಬಯಲಿನಲ್ಲಿ, ಕಣ್ಣಿಗೆ ಕನ್ನಡಕ ಧರಿಸಿ, ಸಡಿಲ ಉಡುಪು ತೊಡದೆ ಕೆಲಸ ಮಾಡತಕ್ಕದ್ದು. ತಿರುಗುವ ಚಕ್ರಕ್ಕೆ ಕೈಗವಸು ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ.

ಕಟ್ಟಡದ ತಾರಸಿಯ ಮೇಲೆ ಬಕೆಟ್ಟಿನ ಮುಂದೆ ಕುಳಿತು ಏಳು ಭಾನುವಾರಗಳಲ್ಲಿ ಎರಡೂ ಮುಚ್ಚಳಗಳನ್ನು ಮುಗಿಸಿದೆನು. ಯುಗಾದಿಗೆ ಅವು ಮೈಸೂರು ಸೇರಿ ಮತ್ತೆ ಎಂಜಿನ್ನಿಗೆ ಕೂತವು. ತಂದೆಯವರು ಮೊಮ್ಮಗಳ ಕೈ ಹಿಡಿದು ಬಾಗಿ ನೋಡಿದರು. ಮುಚ್ಚಳದಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು. "ಪರವಾಗಿಲ್ಲ, ಇಲ್ಲೊಂದು ಗೀರು ಉಳಿದಿದೆ" ಎಂದರು. ಅದನ್ನು ಹಾಗೆಯೇ ಬಿಟ್ಟಿದ್ದೇನೆ.