ಡಿವಿಡಿಯ ದನಿ ಜೇಬಿಗೆ ಬಂತು

ಮಕ್ಕಳೇ, ಮನೆಯ ಬೀರುವಿನ ಮೇಲಿನ ಖಾನೆಯಲ್ಲಿ ಮದುವೆ, ನಾಮಕರಣ, ಗೃಹಪ್ರವೇಶ ಎಂದು ಬರೆದಿಟ್ಟ ಡಿವಿಡಿಗಳಿವೆಯೇ ನೋಡಿ. ಈಗ ಅವನ್ನು ಹಾಕಿ ನೋಡಲು ಪ್ಲೇಯರ್ ಇಲ್ಲ, ಹೊಸ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಇಡುವ ಜಾಗವೂ ಇಲ್ಲ. ಹಾಗೆಂದು ರದ್ದಿಗೆ ಹಾಕಬೇಡಿ. ಚಿತ್ರ ಹಾಗಿರಲಿ, ಒಳಗಿನ ದನಿಯನ್ನಷ್ಟೇ ಬಿಡಿಸಿ ಜೇಬಿನಲ್ಲಿ ಇಟ್ಟುಕೊಳ್ಳಬಹುದು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಇಂಜಿನಿಯರ್ ಅಲ್ಲ. ವಿಜಯನಗರದ ನಮ್ಮ ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕಿದ್ದು ಕೆಂಗೇರಿಯಲ್ಲಿರುವ ಅಕ್ಕನಿಗಾಗಿ. ಅವಳಿಗೆ 82. ಗ್ಲುಕೋಮಾದಿಂದ ಕಣ್ಣು ಹೋಗಿದೆ, ಕಿವಿ ಮಾತ್ರ ಚುರುಕು. 2006ರಲ್ಲಿ ನನ್ನ ಮೊಮ್ಮಗಳ ನಾಮಕರಣದ ದಿನ ನಮ್ಮ ಅಮ್ಮ ತೊಟ್ಟಿಲ ಹಾಡು ಹೇಳಿದ್ದರು. ಮರುವರ್ಷ ತೀರಿಕೊಂಡರು. ಅವರ ದನಿ ಉಳಿದಿರುವುದು ಆ ಒಂದೇ ಡಿಸ್ಕಿನಲ್ಲಿ. ಹೀಗೆ ಬರೆದ ಡಿಸ್ಕಿನೊಳಗೆ ತೆಳುವಾದ ಬಣ್ಣದ ಪದರ ಇರುತ್ತದೆ. ಬಿಸಿಲು, ಸೆಕೆ, ತೇವ ಅದನ್ನು ಮೆಲ್ಲಗೆ ಕೆಡಿಸುತ್ತವೆ. ಆದ್ದರಿಂದ ತಡಮಾಡುವಂತಿರಲಿಲ್ಲ.

ಡಿವಿಡಿಯೊಳಗೆ ಚಿತ್ರ ಮತ್ತು ದನಿ ಒಂದೊಂದು ಕಡೆ ಕೂತಿರುವುದಿಲ್ಲ. ಎರಡನ್ನೂ 2,048 ಬೈಟ್‌ಗಳ ಪುಟ್ಟ ಪೊಟ್ಟಣಗಳಾಗಿ ಕಟ್ಟಿ, ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಪ್ರತಿ ಪೊಟ್ಟಣಕ್ಕೂ ಗುರುತಿನ ಚೀಟಿ ಉಂಟು. ಕಂಪ್ಯೂಟರ್ ಆ ಚೀಟಿ ಓದಿ, ಮೊರದಲ್ಲಿ ಕೇರಿದಂತೆ ದನಿಯ ಪೊಟ್ಟಣಗಳನ್ನು ಬೇರೆ ಮಾಡುತ್ತದೆ.

ಮಾಡುವ ಬಗೆ ಹೀಗೆ. ಯುಎಸ್‌ಬಿ ತಂತಿಯ ಡಿವಿಡಿ ಡ್ರೈವ್ ಒಂದು ಬೇಕು, ಎರವಲು ಸಿಕ್ಕರೂ ಸಾಕು. ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ, ಸುತ್ತಲೂ ಉಜ್ಜಬೇಡಿ. ಒಳಗಿರುವ ‘ವಿಡಿಯೋ_ಟಿಎಸ್’ ಫೋಲ್ಡರನ್ನು ಕಂಪ್ಯೂಟರಿಗೆ ಕಾಪಿ ಮಾಡಿ. ಅದರಲ್ಲಿ ಒಂದೊಂದು ಜಿಬಿಯೊಳಗಿನ ‘ವಿಒಬಿ’ ಕಡತಗಳಿರುತ್ತವೆ. ಬೇಕಾದ ಹಾಡು ಯಾವುದರಲ್ಲಿದೆ ಎಂದು ಕೇಳಿ ಗುರುತಿಸಿ.

ಮುಂದಿನ ಕೆಲಸಕ್ಕೆ ವಿಎಲ್‌ಸಿ ಎಂಬ ಉಚಿತ ತಂತ್ರಾಂಶ ಸಾಕು. ರಸ್ತೆ ಅಗೆಯುವಾಗ ಇಡುವ ಕಿತ್ತಳೆ ಬಣ್ಣದ ಕೋನ್ ಅದರ ಗುರುತು. ಪ್ಯಾರಿಸ್ಸಿನ ಒಂದು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿದ ಕೆಲಸ ಅದು. ಮೀಡಿಯಾ ಮೆನುವಿನಲ್ಲಿ ‘ಕನ್ವರ್ಟ್/ಸೇವ್’ ಒತ್ತಿ, ಕಡತ ಸೇರಿಸಿ, ‘ಆಡಿಯೋ – ಎಂಪಿ3’ ಆರಿಸಿ, ಹೊಸ ಹೆಸರು ಕೊಟ್ಟು ‘ಸ್ಟಾರ್ಟ್’ ಒತ್ತಿ. ಅಷ್ಟೇ.

ಇನ್ನು ಲೆಕ್ಕ. ಸೆಕೆಂಡಿಗೆ 128 ಕಿಲೋಬಿಟ್ ಆದರೆ ಒಂದು ಗಂಟೆಯ ದನಿಗೆ 57.6 ಎಂಬಿ. 4.7 ಜಿಬಿಯ ಒಂದು ಡಿವಿಡಿಯಷ್ಟು ಜಾಗದಲ್ಲಿ 81 ಗಂಟೆಯ ದನಿ ಹಿಡಿಸುತ್ತದೆ! ಮಕ್ಕಳೇ, ಗುಣಾಕಾರ ಮಾಡಿ ತಾಳೆ ನೋಡಿ.

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಗಳಿಗೆ ಬಹುಪಾಲು ಬೀಗ ಹಾಕಿರುತ್ತಾರೆ. ಅದನ್ನು ಒಡೆಯುವ ಗೋಜಿಗೆ ಹೋಗಬೇಡಿ. ಇನ್ನೊಬ್ಬರ ದುಡಿಮೆಯನ್ನು ಕಾಪಾಡಲು 1957ರ ಹಕ್ಕುಸ್ವಾಮ್ಯ ಕಾಯ್ದೆ ಇದೆ. ನಮ್ಮ ಮನೆಯವರ ದನಿಯೇ ನಮಗೆ ಬೇಕಾದಷ್ಟಿದೆ.

ನೇರಳೆ ಮಾರ್ಗದ ಮೆಟ್ರೋ 2021ರ ಆಗಸ್ಟಿನಲ್ಲಿ ಕೆಂಗೇರಿ ಮುಟ್ಟಿದ ಮೇಲೆ ಅಕ್ಕನ ಮನೆ ನನಗೆ ಹತ್ತಿರವಾಗಿದೆ. ಹಾಡನ್ನು ಚಿಕ್ಕ ಎಂಪಿ3 ಪ್ಲೇಯರಿಗೆ ಹಾಕಿ ಕೊಂಡೊಯ್ದೆ. ಅಕ್ಕ ಎರಡು ಸಲ ಕೇಳಿದಳು. ಮೂರನೆಯ ಸಲ “ನಿಲ್ಲಿಸು, ಹಿಂದಕ್ಕೆ ಹಾಕು” ಎಂದಳು. ಹಾಡಿನ ನಡುವೆ ಅಮ್ಮ ಯಾರನ್ನೋ ಮೆಲ್ಲಗೆ ಕೇಳುತ್ತಾರೆ: “ದೊಡ್ಡವಳು ಊಟ ಮಾಡಿದಳೇನೇ?” ಟಿವಿಯಲ್ಲಿ ಎಷ್ಟೋ ಸಲ ನೋಡಿದ್ದ ನಮಗ್ಯಾರಿಗೂ ಅದು ಕೇಳಿಸಿರಲಿಲ್ಲ. ನಾವೆಲ್ಲ ಸೀರೆ, ಒಡವೆ ನೋಡುತ್ತಿದ್ದೆವು. ದೊಡ್ಡವಳೆಂದರೆ ಅಕ್ಕನೇ.

ಈ ಭಾನುವಾರ ಅಜ್ಜಿ ಡಿಸ್ಕ್ ಹುಡುಕಲಿ, ಮೊಮ್ಮಕ್ಕಳು ಕಂಪ್ಯೂಟರ್ ಮುಂದೆ ಕೂರಲಿ. ಕಡತಕ್ಕೆ ಹಾಡಿದವರ ಹೆಸರು, ಊರು, ಇಸವಿ ಬರೆಯಿರಿ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ ಇರಲಿ.