ಸರಾಸರಿ ಒಂದೇ, ಹಸುಗಳ ಕಥೆ ಬೇರೆ

ಸಹೋದರಿಯರೇ, ಒಂದು ಲೆಕ್ಕ ನೋಡೋಣ. ಗೌರಿ ಐದು ದಿನ ಬೆಳಿಗ್ಗೆ ಕೊಟ್ಟ ಹಾಲು 6, 6.1, 5.9, 6, 6 ಲೀಟರ್. ಕಾವೇರಿ ಕೊಟ್ಟದ್ದು 7.5, 4.5, 6.8, 5, 6.2. ಎರಡರ ಸರಾಸರಿಯೂ 6 ಲೀಟರೇ. ಆದರೆ ಹೆಚ್ಚಿನದರಲ್ಲಿ ಕಡಿಮೆಯದನ್ನು ಕಳೆದರೆ ಗೌರಿಯ ಏರಿಳಿತ 0.2 ಲೀಟರ್, ಕಾವೇರಿಯದು 3 ಲೀಟರ್. ಕಾವೇರಿಯ ಮೇವು, ನೀರು, ಹಾಲು ಕರೆಯುವ ಹೊತ್ತು ದಿನಾ ಒಂದೇ ರೀತಿ ಇದೆಯೇ ಎಂದು ನೋಡಬೇಕು. ಸರಾಸರಿ ಇದನ್ನು ಹೇಳುವುದಿಲ್ಲ.

ಇನ್ನು ತುಂಗೆಯ ಹನ್ನೊಂದು ದಿನದ ಬೆಳಗಿನ ಹಾಲನ್ನು ಕಡಿಮೆಯಿಂದ ಹೆಚ್ಚಿಗೆ ಬರೆಯೋಣ: 4.1, 5.8, 6, 6, 6.1, 6.2, 6.2, 6.3, 6.4, 6.4, 6.5. ಇದರಲ್ಲಿ 4.1 ಗುಂಪಿಗೆ ಸೇರದ ಅಂಕಿಯೇ? ಕಣ್ಣಂದಾಜು ಬೇಡ, ಲೆಕ್ಕ ಹಾಕಿ.

1. ನಡುವಿನ, ಅಂದರೆ ಆರನೆಯ ಅಂಕಿ 6.2. ಇದೇ ಮಧ್ಯಾಂಕ.
2. ಅದರ ಕೆಳಗಿನ ಐದರ ನಡುವಿನದು 6. ಮೇಲಿನ ಐದರ ನಡುವಿನದು 6.4. ವ್ಯತ್ಯಾಸ 0.4.
3. ಆ ವ್ಯತ್ಯಾಸದ ಒಂದೂವರೆ ಪಟ್ಟು 0.6. ಇದನ್ನು 6ರಿಂದ ಕಳೆಯಿರಿ, 6.4ಕ್ಕೆ ಕೂಡಿಸಿ. ಬೇಲಿ ಸಿಕ್ಕಿತು: 5.4ರಿಂದ 7 ಲೀಟರ್.

4.1 ಬೇಲಿಯ ಹೊರಗಿದೆ. ಈ ಒಂದು ದಿನದಿಂದಲೇ ಸರಾಸರಿ 6ಕ್ಕೆ ಇಳಿದಿದೆ. ಅದನ್ನು ಬಿಟ್ಟರೆ ಸುಮಾರು 6.2 ಆಗುತ್ತಿತ್ತು. ಮಧ್ಯಾಂಕ ಮಾತ್ರ ಅಲುಗಲಿಲ್ಲ. ಈ ಬೇಲಿಯ ಲೆಕ್ಕ ಕೊಟ್ಟವರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ.

ಬೇಲಿ ದಾಟಿದ ಅಂಕಿಯನ್ನು ಹೊಡೆದುಹಾಕಬೇಡಿ, ಕಾರಣ ಹುಡುಕಿ. ಬರೆಯುವಾಗ ತಪ್ಪಾಯಿತೇ? ಕರು ಕುಡಿಯಿತೇ? ಹಸು ಬೆದೆಗೆ ಬಂದಿದೆಯೇ? ಜ್ವರವೇ? ಮೊದಲ ಧಾರೆಗಳನ್ನು ಕಪ್ಪು ಬಟ್ಟೆಯ ಮೇಲೆ ಕರೆದು ನೋಡಿ. ಗರಣೆ ಕಂಡರೆ ಕೆಚ್ಚಲು ಬಾವಿನ ಗುರುತು. ಆ ಹಾಲನ್ನು ಸಂಘಕ್ಕೆ ಹಾಕದೆ ತಕ್ಷಣ ಪಶುವೈದ್ಯರನ್ನು ಕರೆಸಿ. ಔಷಧ ಕೊಟ್ಟ ಮೇಲೆ ವೈದ್ಯರು ಹೇಳಿದಷ್ಟು ದಿನವೂ ಹಾಲು ಹಾಕಬೇಡಿ.

ಒಂದು ಎಚ್ಚರಿಕೆ. ಕರು ಹಾಕಿದ ಮೇಲೆ ಕೆಲವು ವಾರ ಹಾಲು ಏರುತ್ತದೆ, ಬಳಿಕ ನಿಧಾನವಾಗಿ ಇಳಿಯುತ್ತದೆ. ಅದು ಸಹಜ. ಆದ್ದರಿಂದ ಇಡೀ ಸೂಲಿನ ಅಂಕಿಗಳನ್ನು ಒಟ್ಟಿಗೆ ಹಾಕಬೇಡಿ. ಈಚಿನ ಹತ್ತು-ಹನ್ನೊಂದು ದಿನಗಳದ್ದು ಸಾಕು. ಬೆಳಿಗ್ಗೆಯದು ಬೇರೆ, ಸಂಜೆಯದು ಬೇರೆ, ಒಂದೊಂದು ಹಸುವಿಗೆ ಒಂದೊಂದು ಪುಟ.

ಸಂಘದ ಚೀಟಿಯಲ್ಲಿ ಬರುವುದು ಎಲ್ಲ ಹಸುಗಳ ಹಾಲಿನ ಮೊತ್ತ. ಯಾವ ಹಸು ಸೋತಿದೆ ಎಂಬುದು ಗೊತ್ತಾಗುವುದು ಕೊಟ್ಟಿಗೆಯಲ್ಲಿ ನೀವು ಇಟ್ಟ ಪುಸ್ತಕದಿಂದ ಮಾತ್ರ.