ಕ್ಲಾಸ್ ಡಯಾಗ್ರಾಂ ಬರೆಯೋಕೆ ಯಾವ ಸಾಫ್ಟ್‌ವೇರ್?

ಬಸವನಗುಡಿಯಲ್ಲಿ ಇಂಜಿನಿಯರಿಂಗ್ ಓದ್ತಾ, ಪ್ರಾಜೆಕ್ಟಿಗೆ ಕ್ಲಾಸ್ ಡಯಾಗ್ರಾಂ ಬರೆಯೋ ಸಾಫ್ಟ್‌ವೇರ್ ಹುಡುಕ್ತಿದ್ದೀರಾ? ಉದಾಹರಣೆಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನೇ ತಗೊಳ್ಳಿ. 1943ರಿಂದ ನಡೀತಿರೋ ಹೋಟೆಲ್ಲು.

ಟೇಬಲ್, ಆರ್ಡರ್, ತಿಂಡಿ: ಮೂರು ಕ್ಲಾಸು. ಒಂದು ಆರ್ಡರಲ್ಲಿ ಹಲವು ತಿಂಡಿ. ಟೇಬಲ್ಲಿಗೆ ಒಂದೇ ಆರ್ಡರ್ ಅಂತ ಗೆರೆ ಎಳೆದ್ರೋ, ಕೆಟ್ಟಿತು! ರಶ್ಶಿದ್ದಾಗ ಅಲ್ಲಿ ಗುರುತಿಲ್ಲದವರೂ ಒಂದೇ ಟೇಬಲಲ್ಲಿ ಕೂರ್ತಾರೆ. ಇಂಥದ್ದನ್ನ ಯಾವ ಸಾಫ್ಟ್‌ವೇರೂ ಹೇಳ್ಕೊಡಲ್ಲ, ನೀವೇ ನೋಡ್ಬೇಕು.

ರಿಪೋರ್ಟಿಗೆ ಬರೀ ಚಿತ್ರ ಸಾಕಾ? ಡ್ರಾ ಡಾಟ್ ಐಓ ಸಾಕು, ದುಡ್ಡೂ ಕೊಡಬೇಕಿಲ್ಲ.

ನಾಲ್ಕು ಜನ ಸೇರಿ ಮಾಡೋ ಪ್ರಾಜೆಕ್ಟಾದ್ರೆ ನನ್ನ ಓಟು ಪ್ಲಾಂಟ್‌ಯುಎಂಎಲ್‌ಗೆ. ಟೈಪ್ ಮಾಡಿದ್ರೆ ಚಿತ್ರ ತಾನೇ ಮೂಡುತ್ತೆ. ಫೈಲು ಗಿಟ್‌ನಲ್ಲಿ ಕೋಡ್ ಜೊತೆಗೇ ಇರೋದ್ರಿಂದ ಯಾರು ಯಾವ ಸಾಲು ಬದಲಾಯಿಸಿದ್ರು ಅಂತ ಗೊತ್ತಾಗುತ್ತೆ. ಮರ್ಮೇಡ್ ಕೂಡ ಹೀಗೇ; 2022ರಿಂದ ಗಿಟ್‌ಹಬ್ ಅದನ್ನ ಪುಟದಲ್ಲೇ ಚಿತ್ರವಾಗಿ ತೋರಿಸುತ್ತೆ.

ಡಯಾಗ್ರಾಂನಿಂದ ಕೋಡೂ ಬೇಕಾ? ಸ್ಟಾರ್‌ಯುಎಂಎಲ್‌ಗೆ ಜಾವಾ ಎಕ್ಸ್‌ಟೆನ್ಷನ್ ಹಾಕ್ಕೊಳ್ಳಿ. ಲಿನಕ್ಸ್ ಇದ್ರೆ ಅಂಬ್ರೆಲ್ಲೊ ಇದೆ, ಅದು ಉಚಿತ. ಆದ್ರೆ ಬರೋದು ಬರೀ ಅಸ್ಥಿಪಂಜರ: ಕ್ಲಾಸಿನ ಹೆಸರು, ಅದರ ಗುಣಗಳು, ಖಾಲಿ ಮೆಥಡ್‌ಗಳು. ಬಿಲ್ ಕೂಡೋ ಲೆಕ್ಕ ನೀವೇ ಬರೀಬೇಕು. ಆಮೇಲೆ ಕೋಡ್ ತಿದ್ದಿದ್ರೆ ಡಯಾಗ್ರಾಂ ಹಳೇದಾಗುತ್ತೆ, ಅದನ್ನೂ ತಿದ್ದಿ.

ಇವೆರಡರಲ್ಲಿ ಒಂದನ್ನ ಆಯ್ಕೆ ಮಾಡೋ ಮುಂಚೆ ಅದರಲ್ಲಿ ಆರ್ಡರ್, ತಿಂಡಿ ಎರಡೇ ಕ್ಲಾಸ್ ಬರೆದು, ಒಂದಕ್ಕೆ ಹಲವು ಅಂತ ಗುರುತು ಹಾಕಿ ಜಾವಾ ಕೋಡ್ ತೆಗೀರಿ. ಆರ್ಡರ್ ಒಳಗೆ ತಿಂಡಿಗಳ ಲಿಸ್ಟ್ ಬಂತಾ? ಇಟ್ಕೊಳ್ಳಿ. ಇಲ್ವಾ? ಅನ್‌ಇನ್‌ಸ್ಟಾಲ್.